ಆ ಸೊನ್ನೆಯ ಬಗ್ಗೆ

ಪುಟ್ಟಿ,

ಮೊನ್ನೆ ಫೋನ್ ಕಟ್ ಮಾಡಿದ್ದು ನಾನೇ. ಸಿಗ್ನಲ್ ಹೋಯ್ತು ಅಂತ ನಿನ್ನ ಅಮ್ಮನಿಗೆ ಸುಳ್ಳು ಹೇಳಿದ್ದೆ. ನಿನಗೂ ಅದನ್ನೇ ಹೇಳಲು ಮನಸ್ಸಾಗಲಿಲ್ಲ.

ಮಿಡ್‌ಟರ್ಮ್‌ನಲ್ಲಿ 100ಕ್ಕೆ 34 ಬಂತು, ಲೀನಿಯರ್ ಸಿಸ್ಟಮ್ಸ್ ನನ್ನ ಕೈಲಾಗಲ್ಲ, ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸ್ತೀನಿ ಅಂತ ನೀನು ಅಂದೆ. ಅಲ್ಲಿ ಅಮೆರಿಕದಲ್ಲಿ ರಾತ್ರಿ 11 ಗಂಟೆ. ನೀನು ಅಳುತ್ತಿದ್ದೆ. ನಾನು "ನಾನು ಆವತ್ತೇ ಹೇಳಿದ್ದೆ ಅಲ್ವಾ" ಅಂದುಬಿಟ್ಟೆ. ಆ ಹೊತ್ತಲ್ಲಿ ಅಪ್ಪ ಆಡುವ ಮಾತಲ್ಲ ಅದು. ತಪ್ಪಾಯ್ತು ಮಗಳೇ.

ಪಿಯುಸಿ ಮುಗಿದಾಗ ನಡೆದ ಜಗಳ ನಿನಗೂ ನೆನಪಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಎಲೆಕ್ಟ್ರಿಕಲ್ ಬೇಡ ಅಂತ ನಾನು ಯಾಕೆ ಅಷ್ಟು ಹಠ ಹಿಡಿದೆ ಅನ್ನುವುದನ್ನು ನಿನಗೆ ಯಾವತ್ತೂ ಪೂರ್ತಿ ಹೇಳಿಲ್ಲ. ನೀನು ಹುಡುಗಿ ಅಂತ ಅಲ್ಲ. ನೀನು ಹಾಗೇ ಅಂದುಕೊಂಡಿದ್ದೀಯ, ನಾನೂ ಸುಮ್ನೆ ಇದ್ದುಬಿಟ್ಟೆ.

ನಿನ್ನ ಸೈಕಲ್ ಚೈನ್ ಹಾಕಿಕೊಡುತ್ತಿದ್ದ ಲೈನ್‌ಮ್ಯಾನ್ ಮಾಮ ತೀರಿಕೊಂಡದ್ದು ನಿನಗೆ ಗೊತ್ತು. ಹೇಗೆ ಅಂತ ಗೊತ್ತಿಲ್ಲ. 2014ರ ಜೂನ್. ಸಬ್‌ಸ್ಟೇಷನ್‌ನಲ್ಲಿ ನನಗೆ ಸೆಕೆಂಡ್ ಶಿಫ್ಟ್. ಮಧ್ಯಾಹ್ನದಿಂದಲೂ ಜೋರು ಗಾಳಿ. ನಾಲ್ಕೂವರೆಗೆ ಹಳ್ಳಿ ಕಡೆ ಹೋಗುವ ಒಂದು 11 ಕೆವಿ ಲೈನ್, ಅಂದರೆ ಫೀಡರ್, ಟ್ರಿಪ್ ಆಗಿ ಕರೆಂಟ್ ನಿಂತಿತು. ಮರದ ಕೊಂಬೆ ಬಿದ್ದು ತಂತಿ ತುಂಡಾಗಿದೆ ಅಂತ ಹಳ್ಳಿಯಿಂದ ಫೋನ್ ಬಂತು. ಮಾಮ ಬಂದು ಲೈನ್ ಕ್ಲಿಯರ್ ಕೇಳಿದ, ಅಂದರೆ ಕರೆಂಟ್ ತೆಗೆದು ಕೆಲಸಕ್ಕೆ ಲೈನ್ ಬಿಟ್ಟುಕೊಡುವ ಅನುಮತಿ. ನಾನು ಬ್ರೇಕರ್ ಆಫ್ ಮಾಡಿ, ಲೈನನ್ನು ಬೇರ್ಪಡಿಸುವ ಐಸೊಲೇಟರ್ ತೆಗೆದು, ಲೈನನ್ನು ನೆಲಕ್ಕೆ ಜೋಡಿಸಿ ಅರ್ಥ್ ಮಾಡಿ, ಪ್ಯಾನಲ್‌ಗೆ ಬೋರ್ಡ್ ನೇತುಹಾಕಿದೆ. ಪುಸ್ತಕದಲ್ಲಿ ನಂಬರ್ ಬರೆದು ಇಬ್ಬರೂ ಸಹಿ ಹಾಕಿದೆವು. ಕತ್ತಲಾದರೆ ಇರಲಿ ಅಂತ ನನ್ನ ಟಾರ್ಚ್ ತಗೊಂಡು ಹೋದ.

ಫೀಡರ್‌ನ ಆಂಪಿಯರ್ ಮೀಟರ್ ಸೊನ್ನೆ ತೋರಿಸುತ್ತಿತ್ತು. ಐದು ಗಂಟೆಗೆ ಲಾಗ್ ಬುಕ್‌ನಲ್ಲಿ ಸೊನ್ನೆ ಬರೆದೆ. ಆರಕ್ಕೂ ಸೊನ್ನೆ ಬರೆದೆ. ನಾನು ಆ ಎರಡನೇ ಸೊನ್ನೆ ಬರೆಯುವ ಹೊತ್ತಿಗೆ ಅವನು ಇರಲಿಲ್ಲ.

ಲೈನಿನ ಆ ತುದಿಯಲ್ಲಿ ಒಂದೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಅದರ ಕೆಳಗೆ ಒಂದು ಮದುವೆ ಮನೆ. ಕರೆಂಟ್ ಹೋಯ್ತು ಅಂತ ಜನರೇಟರ್ ಹಾಕಿದ್ದಾರೆ. ಮನೆಯನ್ನು ಲೈನಿನಿಂದ ಬಿಡಿಸಿ ಜನರೇಟರ್‌ಗೆ ಹಾಕುವ ಚೇಂಜ್‌ಓವರ್ ಸ್ವಿಚ್ ಇರಲಿಲ್ಲ, ನೇರವಾಗಿ ವೈರ್ ಕೊಟ್ಟಿದ್ದಾರೆ. ಟ್ರಾನ್ಸ್‌ಫಾರ್ಮರ್‌ಗೆ ಹಿಂದು ಮುಂದು ಗೊತ್ತಿಲ್ಲ ಮಗಳೇ. 11,000 ವೋಲ್ಟ್ ಕೊಟ್ಟರೆ 400 ಮಾಡುತ್ತೆ, 400 ಕೊಟ್ಟರೆ 11,000 ಮಾಡುತ್ತೆ. ತಂತಿ ತುಂಡಾಗಿದ್ದರಿಂದ ಬೇರೆ ಲೋಡ್ ಇಲ್ಲ, ಜನರೇಟರ್ ಆರಾಮಾಗಿ ಓಡಿತು. ಇತ್ತ ನಾನು ಮಾಡಿದ ಅರ್ಥ್ ಅತ್ತ ಕಡೆಯ ತಂತಿಗೆ ತಲುಪುವುದೇ ಇಲ್ಲ.

ಕೆಲಸದ ಜಾಗದಲ್ಲೂ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್ ಹಾಕಬೇಕು. ಅವತ್ತು ರಾಡ್ ಇನ್ನೊಂದು ಗ್ಯಾಂಗ್ ಹತ್ರ ಇತ್ತಂತೆ. ವಿಚಾರಣೆಯಲ್ಲಿ ನನ್ನದೇನೂ ತಪ್ಪಿಲ್ಲ ಅಂತ ಬರೆದರು. ಪುಸ್ತಕ ಸರಿಯಾಗಿತ್ತು. ಆದರೆ ಸಹಿ ಹಾಕುವಾಗ "ರಾಡ್ ಇದೆಯೇನೋ" ಅಂತ ಒಂದು ಮಾತು ನಾನು ಕೇಳಲಿಲ್ಲ. ಟಾರ್ಚ್ ಕೊಟ್ಟೆ, ರಾಡ್ ಕೇಳಲಿಲ್ಲ. ಆಮೇಲೆ ರಿಟೈರ್ ಆಗುವವರೆಗೂ ಪ್ರತಿ ಲೈನ್ ಕ್ಲಿಯರ್‌ಗೂ ಕೇಳಿದೆ. ಹುಡುಗರು ಬೇಜಾರು ಮಾಡಿಕೊಳ್ಳೋರು. ಟಾರ್ಚನ್ನು ಯಾರೋ ಮರುದಿನ ತಂದು ಟೇಬಲ್ ಮೇಲೆ ಇಟ್ಟು ಹೋದರು.

ಆ ಭಯಕ್ಕೆ ನಿನ್ನನ್ನು ಕರೆಂಟಿನಿಂದಲೇ ದೂರ ಇಡಬೇಕು ಅಂತಿದ್ದೆ. ನೀನು ಕೇಳಲಿಲ್ಲ. ಒಳ್ಳೆಯದೇ ಆಯ್ತು.

ಯಾಕೆ ಅಂತ ಹೇಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಅಬ್ಸರ್ವಬಿಲಿಟಿ ಅಂದರೇನು ಅಂತ ನನಗೆ ವಿವರಿಸಿದೆಯಲ್ಲ, ನೆನಪಿದೆಯಾ? ಹೊರಗಿನ ಮೀಟರ್ ನೋಡಿ ಒಳಗಿನ ಸ್ಥಿತಿ ತಿಳಿಯುತ್ತಾ ಇಲ್ವಾ ಅಂತ ಲೆಕ್ಕ ಹಾಕುವುದು. 1960ರ ಸುಮಾರಿಗೆ ಕಾಲ್ಮನ್ ಅನ್ನೋರು ಅದಕ್ಕೆ ಸರಿಯಾದ ರೂಪ ಕೊಟ್ಟರು ಅಂದೆ. "ಅಪ್ಪಾ, ಕೆಲವು ಸಿಸ್ಟಮ್‌ಗಳಲ್ಲಿ ಮೀಟರ್ ಸೊನ್ನೆ ತೋರಿಸ್ತಾನೇ ಇರುತ್ತೆ, ಒಳಗೆ ಮಾತ್ರ ಏನೋ ಓಡ್ತಾ ಇರುತ್ತೆ" ಅಂದೆ. ನಾನು ಹ್ಞೂಂ ಅಂದೆ, ಅಷ್ಟೇ. ಫೋನ್ ಇಟ್ಟಮೇಲೆ ಹಿತ್ತಲಿಗೆ ಹೋಗಿ ತುಂಬ ಹೊತ್ತು ಕೂತೆ. ಅಷ್ಟು ವರ್ಷ ನಾನು ಹೊತ್ತುಕೊಂಡು ಓಡಾಡಿದ ಸೊನ್ನೆಗೆ ಒಂದು ಹೆಸರಿತ್ತು. ಅದನ್ನು ನನಗೆ ಹೇಳಿದ್ದು ನೀನು. ನಿನಗೆ 34 ಬಂದದ್ದು ಅದೇ ಪಾಠದಲ್ಲಿ.

ನಿನಗೆ ಅರ್ಥವಾಗಿಲ್ಲ ಅಂತ ನಾನು ಒಪ್ಪುವುದಿಲ್ಲ. ಅರ್ಥವಾಗದೆ ಇರೋರು ನನ್ನಂಥವನಿಗೆ ಹಾಗೆ ಹೇಳೋಕಾಗಲ್ಲ. ಲೆಕ್ಕ ಕೈಗೆ ಬಂದಿಲ್ಲ, ಅದು ಬೇರೆ ವಿಷಯ. ದಿನಾ ಹತ್ತು ಲೆಕ್ಕ ಕೈಯಲ್ಲಿ ಬರಿ. ಲ್ಯಾಪ್‌ಟಾಪ್ ಮುಂದೆ ವಿಡಿಯೊ ನೋಡಿಕೊಂಡು ಕೂತರೆ ಬರಲ್ಲ. ರಾತ್ರಿ ಎರಡಕ್ಕೆ ಮಲಗಿದರೆ ತಲೆ ಓಡಲ್ಲ. ಮೇಷ್ಟ್ರನ್ನು ಅವರ ಆಫೀಸ್ ಅವರ್ಸ್‌ನಲ್ಲಿ ಹೋಗಿ ಕೇಳು. ನಾಚಿಕೆ ಬೇಡ.

ಒಬ್ಬಳೇ ಕೂತು ಓದಬೇಡ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್ ಬಿದ್ದವು. ನಮ್ಮ ದಕ್ಷಿಣದ ಗ್ರಿಡ್ ಬೇರೆಯಾಗಿತ್ತು, ಉಳಿಯಿತು. ನಾವು ಸ್ಟೇಷನ್‌ನಲ್ಲಿ ಸಿಹಿ ತಿಂದೆವು. ಆದರೆ ಬೇಸಿಗೆಯಲ್ಲಿ ನಮಗೆ ಕರೆಂಟ್ ಸಾಲದಾದಾಗ ಉತ್ತರದಿಂದ ಬೇಕಾದಷ್ಟು ತರಲು ಆಗುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಜೋಡಿಸಿದರು. ಇಡೀ ದೇಶ ಒಂದೇ ಫ್ರೀಕ್ವೆನ್ಸಿಗೆ ಬಂತು. ಬೇರೆಯಾಗಿ ನಿಂತರೆ ಒಂದು ದಿನ ಉಳಿಯಬಹುದು, ವರ್ಷ ತಳ್ಳೋಕಾಗಲ್ಲ. ಆ ಒಡಿಶಾದ ಹುಡುಗಿ ಜೊತೆ ಸೇರಿ ಓದು. ಊಟಾನೂ ಅವಳ ಜೊತೆಗೇ ಮಾಡು. ನೋಡು, ಬುದ್ಧಿ ಹೇಳಬಾರದು ಅಂತ ಕೂತವನು ಎಲ್ಲಿಗೆ ಬಂದೆ.

ಬದಲಾಯಿಸಲೇಬೇಕು ಅಂದರೆ ಬದಲಾಯಿಸು. ಸಾಲ ಅಂತ ಯೋಚನೆ ಮಾಡಬೇಡ, ಅದು ನನ್ನ ಲೆಕ್ಕ. ಆದರೆ 34ಕ್ಕೆ ಹೆದರಿ ಬೇಡ. ಹತ್ತು ಕೋರ್ಸ್‌ನಲ್ಲಿ ಅದು ಒಂದು, ಅದರಲ್ಲೂ ಒಂದು ಪರೀಕ್ಷೆ.

ನಿಮ್ಮ ಕಟ್ಟಡದಲ್ಲಿರುವ ಎನಿಯಾಕ್‌ನ ಒಂದು ಭಾಗದ ಫೋಟೊ ಕಳಿಸಿದ್ದೆಯಲ್ಲ, 1946ರ ಕಂಪ್ಯೂಟರ್, ಅದನ್ನು ಊರಲ್ಲಿ ಎಲ್ಲರಿಗೂ ತೋರಿಸಿದೆ. 30 ಟನ್, ಸುಮಾರು 18,000 ವಾಲ್ವ್ ಅಂತ ಹೇಳಿದೆ. ಅದಕ್ಕೆ ಪ್ರೋಗ್ರಾಮ್ ಮಾಡಿದ್ದು ಆರು ಜನ ಹೆಣ್ಣುಮಕ್ಕಳು, ಕೈಯಲ್ಲೇ ವೈರ್ ಕಿತ್ತು ಹಾಕಿ, ಅಂತಲೂ ಹೇಳಿದೆ. ನನ್ನ ಮಗಳು ಅದೇ ಕಟ್ಟಡದಲ್ಲಿ ಓದುತ್ತಾಳೆ ಅಂದೆ. ಇದನ್ನು ನಿನಗೆ ಹೇಳಿರಲಿಲ್ಲ.

ಈಗ ನಮ್ಮ ಬೀದಿಯಲ್ಲೂ ಮೂರು ಮನೆ ಮೇಲೆ ಸೋಲಾರ್ ಬಂದಿದೆ. ಆ ಜನರೇಟರ್ ಹಾಗೆ ಇವೂ ಲೈನಿಗೆ ಕರೆಂಟ್ ಬಿಡಬಹುದು. ಲೈನ್ ಸತ್ತರೆ ಸೋಲಾರ್ ಕರೆಂಟನ್ನು ಲೈನಿಗೆ ಕೊಡುವ ಇನ್ವರ್ಟರ್ 2 ಸೆಕೆಂಡ್ ಒಳಗೆ ತಾನೇ ನಿಲ್ಲಬೇಕು ಅಂತ ಅಮೆರಿಕದ ನಿಯಮ ಇದೆ ಅಂತ ನೀನು ಹೇಳಿದ್ದೆ. ಕಂಬ ಹತ್ತುವ ಹುಡುಗರಿಗೆಲ್ಲ ಅದನ್ನು ಹೇಳುತ್ತಿದ್ದೇನೆ. ಹೇಳಿ, ಆಮೇಲೆ ರಾಡ್ ಇದೆಯಾ ಅಂತಲೂ ಕೇಳುತ್ತೇನೆ.

ಇದರ ಜೊತೆ ಒಂದು ಹಾಳೆ ಇದೆ. ಆ ಫೀಡರ್‌ನ ನಕ್ಷೆ, ನೆನಪಿನಿಂದಲೇ ಬರೆದೆ. ತಂತಿ ತುಂಡಾದ ಜಾಗ, ಆ ಟಿಸಿ, ಮದುವೆ ಮನೆ, ನನ್ನ ಮೀಟರ್, ಎಲ್ಲ ಗುರುತು ಮಾಡಿದ್ದೇನೆ. ಇನ್ನೊಂದು ಮೀಟರ್ ಎಲ್ಲಿ ಇಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು? ಪರೀಕ್ಷೆ ಮುಗಿಸಿಕೊಂಡು, ಬಿಡುವಾದಾಗ ಹೇಳು. ಅವಸರ ಇಲ್ಲ.

ನಿನ್ನ
ಅಪ್ಪ