ಎರಡು ಸಲ ಸೋತ ವಕೀಲೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು, "ಅಪ್ಪಾ, ಇನ್ನು ಚುನಾವಣೆಯ ಸುದ್ದಿ ಎತ್ತಬೇಡಿ, ನನಗೆ ಕೋರ್ಟೇ ಸಾಕು" ಅಂದೆ. ನಾನು ಸುಮ್ಮನಾದೆ. ನಿನ್ನ ಗಂಟಲು ಕಟ್ಟಿದ್ದು ಕೇಳಿಸಿತ್ತು. ಶಿರಸ್ತೇದಾರನಾಗಿ ಬೇರೆಯವರ ಕಡತ ಕಟ್ಟುತ್ತಲೇ ಆಯುಷ್ಯ ಕಳೆದವನು ನಾನು. ಮಾತಿಗಿಂತ ಕಾಗದವೇ ನನಗೆ ಸಲೀಸು.

ನಿನಗೆ ಬಾರ್ಬರಾ ಜೋರ್ಡನ್ ವಿಷಯ ಹೇಳಬೇಕು ಅಂತ ಬಹಳ ದಿನದಿಂದ ಇತ್ತು. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ, ಫಿಫ್ತ್ ವಾರ್ಡ್ ಎಂಬ ಕಪ್ಪು ಜನರ ಕೇರಿಯಲ್ಲಿ 1936ರಲ್ಲಿ ಹುಟ್ಟಿದವಳು. ಅಪ್ಪ ಗೋದಾಮಿನಲ್ಲಿ ಗುಮಾಸ್ತ, ಜೊತೆಗೆ ಚರ್ಚಿನ ಬೋಧಕ. ಹೈಸ್ಕೂಲಿಗೆ ಒಮ್ಮೆ ಈಡಿತ್ ಸ್ಯಾಂಪ್ಸನ್ ಎಂಬ ಕಪ್ಪು ವಕೀಲೆ ಬಂದು ಮಾತಾಡಿದರಂತೆ. ಆವತ್ತೇ ಹುಡುಗಿ ತಾನೂ ವಕೀಲೆಯೇ ಆಗುವುದೆಂದು ನಿಶ್ಚಯಿಸಿಕೊಂಡಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೊಡ್ಡ ಹೆಸರು ಮಾಡಿ, ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಲಾ ಓದಲು ಹೋದಳು. ಖರ್ಚು ಅಪ್ಪನದೇ. ರಜೆಗೆ ಊರಿಗೆ ಬಂದು ಹೋಗುವಷ್ಟು ದುಡ್ಡು ಇರಲಿಲ್ಲ. ಅಲ್ಲಿ ಹೋದ ಮೇಲೆ ಆಕೆಗೆ ಅರಿವಾದದ್ದು, ತಾನು ಇಷ್ಟು ದಿನ ನೆಚ್ಚಿಕೊಂಡಿದ್ದ ವಾಕ್ಚಾತುರ್ಯ ಇಲ್ಲಿ ಸಾಲದು, ತರ್ಕ ಕಲಿಯಬೇಕು ಎಂದು. ಹಗಲೂ ರಾತ್ರಿ ಓದಿ 1959ರಲ್ಲಿ ಪದವಿ ಪಡೆದಳು.

ಊರಿಗೆ ಬಂದರೆ ಆಫೀಸು ಮಾಡಲು ಕಾಸಿಲ್ಲ. ಅಪ್ಪ ಅಮ್ಮನ ಮನೆಯ ಊಟದ ಮೇಜಿನ ಮೇಲೆಯೇ ಕಕ್ಷಿದಾರರ ಕಾಗದಪತ್ರ ಹರಡಿಕೊಂಡು ವಕೀಲಿ ಶುರು ಮಾಡಿದಳು. ನೀನು ಜೂನಿಯರ್ ಆಗಿದ್ದಾಗ ನಮ್ಮ ಜಗಲಿಯಲ್ಲಿ ಕೂತು ಪಹಣಿ ತಿದ್ದುಪಡಿ ಅರ್ಜಿ ಬರೆಯುತ್ತಿದ್ದೆಯಲ್ಲ, ಬಂದವರಿಗೆ ಅಮ್ಮ ಕಾಫಿ ಕೊಟ್ಟು ಕೊಟ್ಟು ಡಿಕಾಕ್ಷನ್ ಖಾಲಿ ಮಾಡುತ್ತಿದ್ದಳಲ್ಲ, ಅದು ನೆನಪಾಯಿತು.

1962ರಲ್ಲಿ ರಾಜ್ಯದ ಕೆಳಮನೆಗೆ ನಿಂತಳು. ಸೋತಳು. 1964ರಲ್ಲಿ ಮತ್ತೆ ನಿಂತಳು. ಮತ್ತೆ ಸೋತಳು.

ಮಗಳೇ, ಇಲ್ಲೇ ಸ್ವಲ್ಪ ನಿಲ್ಲು. ಆಕೆ ಸೋತದ್ದು ಯಾಕೆ? ಅವಳ ಕೇರಿಯವರೇನೂ ಕೈಬಿಟ್ಟಿರಲಿಲ್ಲ. ಆದರೆ ಆಗ ಆ ಸ್ಥಾನಕ್ಕೆ ಹ್ಯೂಸ್ಟನ್ ಇರುವ ಇಡೀ ಹ್ಯಾರಿಸ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ, ಮತದಾರರೆಲ್ಲ ಮತ ಹಾಕಬೇಕಿತ್ತು. ಫಿಫ್ತ್ ವಾರ್ಡಿನ ಮತಗಳು ಆ ಸಾಗರದಲ್ಲಿ ಕರಗಿಹೋಗುತ್ತಿದ್ದವು. ಸಾಲದ್ದಕ್ಕೆ ಮತ ಹಾಕುವವರು ಅದಕ್ಕೆಂದೇ ತೆರಿಗೆ ಕಟ್ಟಬೇಕಿತ್ತು. ದಿನಗೂಲಿಯವರು ಎಲ್ಲಿಂದ ಕಟ್ಟಬೇಕು? ಆದರೆ 1964ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ರೆನಾಲ್ಡ್ಸ್ ವಿರುದ್ಧ ಸಿಮ್ಸ್ ಪ್ರಕರಣದಲ್ಲಿ, ರಾಜ್ಯ ಶಾಸನಸಭೆಯ ಕ್ಷೇತ್ರಗಳಲ್ಲಿ ಜನಸಂಖ್ಯೆ ಹೆಚ್ಚುಕಡಿಮೆ ಸಮನಾಗಿರಬೇಕು ಎಂದು ತೀರ್ಪು ಕೊಟ್ಟಿತು. ಟೆಕ್ಸಾಸ್ ತನ್ನ ನಕ್ಷೆಯನ್ನು ಹೊಸದಾಗಿ ಗೀಚಬೇಕಾಯಿತು. ಮತದ ಮೇಲಿನ ತೆರಿಗೆಯನ್ನೂ 1966ರಲ್ಲಿ ನ್ಯಾಯಾಲಯ ತೆಗೆದುಹಾಕಿತು. ಅದೇ ವರ್ಷ ಬಾರ್ಬರಾ ಹೊಸ ಕ್ಷೇತ್ರದಿಂದ ರಾಜ್ಯದ ಸೆನೆಟ್‌ಗೆ ನಿಂತು ಗೆದ್ದಳು. 31 ಜನರ ಆ ಸೆನೆಟ್‌ನಲ್ಲಿ 1883ರ ನಂತರ ಕೂತ ಮೊದಲ ಕಪ್ಪು ವ್ಯಕ್ತಿ ಆಕೆಯೇ. ಸೋತಾಗಲೂ ಗೆದ್ದಾಗಲೂ ಅದೇ ಬಾರ್ಬರಾ, ಅದೇ ಮಾತು, ಅದೇ ದುಡಿಮೆ. ಬದಲಾದದ್ದು ಕ್ಷೇತ್ರದ ಗೆರೆ.

ವಾರ್ಡಿನ ಚುನಾವಣೆಯಲ್ಲಿ ನೀನು ಸೋತದ್ದು 61 ಮತದಿಂದ. ಹೊಳೆಕೇರಿಯನ್ನು ಎರಡು ವಾರ್ಡಿಗೆ ಸೀಳಿ, ಅರ್ಧವನ್ನು ಹೊಸ ಬಡಾವಣೆಗೆ ಅಂಟಿಸಿದ್ದನ್ನು ನಾನೂ ನೋಡಿದೆ, ನೀನೂ ನೋಡಿದೆ. ಆದರೂ ಆ ರಾತ್ರಿಯಿಂದ ನೀನು ಹುಡುಕುತ್ತಿರುವುದು ನಿನ್ನ ತಪ್ಪನ್ನೇ. ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಸೆನೆಟ್‌ನಲ್ಲಿ ಆಕೆ ಮಾಡಿದ ಕೆಲಸ ದೊಡ್ಡ ಸದ್ದಿನದಲ್ಲ. ಅಲ್ಲಿ ಕಾನೂನು ಪಾಸಾಗಬೇಕಾದರೆ ಬಿಳಿಯ ಗಂಡಸರ ಮತ ಬೇಕೇ ಬೇಕಿತ್ತು. ಆಕೆ ನಿಯಮಾವಳಿ ಅರೆದು ಕುಡಿದಳು, ಎದುರಾಳಿಗಳ ಜೊತೆ ಕೂತು ಮಾತಾಡಿದಳು. ಟೆಕ್ಸಾಸಿನ ಮೊದಲ ಕನಿಷ್ಠ ವೇತನ ಕಾನೂನಿನ ಹಿಂದೆ ಆಕೆಯ ದುಡಿಮೆಯಿದೆ. ಮನೆಗೆಲಸದವರ, ಹೊಲದಲ್ಲಿ ದುಡಿಯುವವರ ಬದುಕು ಕಂಡು ಬೆಳೆದವಳಿಗೆ ಆ ಒಂದೊಂದು ಕಲಮಿನ ಬೆಲೆ ಗೊತ್ತಿತ್ತು.

1972ರ ಮಾರ್ಚಿನಲ್ಲಿ ಅದೇ ಸೆನೆಟ್ ಆಕೆಯನ್ನು ಹಂಗಾಮಿ ಅಧ್ಯಕ್ಷೆಯಾಗಿ ಆರಿಸಿತು. ಅಲ್ಲಿಯ ಸಂಪ್ರದಾಯದಂತೆ ಜೂನ್ 10ರಂದು ಒಂದು ದಿನದ ಮಟ್ಟಿಗೆ ರಾಜ್ಯದ ಗವರ್ನರ್ ಆದಳು. ಅದನ್ನು ನೋಡಲು ಅಪ್ಪ ಬಂದಿದ್ದರು. ಅಲ್ಲೇ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು, ಮರುದಿನ ತೀರಿಕೊಂಡರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತೋಟಕ್ಕೆ ಹೋಗಿ ಬಂದೆ. ಮಗಳು ಆ ಕುರ್ಚಿಯಲ್ಲಿ ಕೂತದ್ದನ್ನು ಕಣ್ಣಾರೆ ಕಂಡು ಹೋದರಲ್ಲ ಆ ಗುಮಾಸ್ತ ಅಪ್ಪ, ಅಂತ ಅನ್ನಿಸಿತು.

ಅದೇ ವರ್ಷ ಅಮೆರಿಕದ ಸಂಸತ್ತಿಗೆ ಆರಿಸಿಹೋದಳು. 1974ರ ಜುಲೈ 25ರಂದು, ಅಧ್ಯಕ್ಷ ನಿಕ್ಸನ್ ಮೇಲಿನ ದೋಷಾರೋಪದ ವಿಚಾರಣೆಯಲ್ಲಿ ಆಕೆ ಮಾಡಿದ ಭಾಷಣವನ್ನು ದೇಶವೇ ಟಿವಿಯಲ್ಲಿ ಕೇಳಿತು. ಸಂವಿಧಾನ ಬರೆದಾಗ 'ನಾವು ಜನರು' ಎಂಬ ಮಾತಿನಲ್ಲಿ ತನ್ನಂಥವರು ಸೇರಿರಲಿಲ್ಲ, ಆದರೂ ಇವತ್ತು ಅದರ ಮೇಲೆ ತನಗಿರುವ ನಂಬಿಕೆ ಪೂರ್ಣವಾದದ್ದು ಎಂದಳು. ಆಮೇಲೆ ದೋಷಾರೋಪಕ್ಕೆ ಸಂವಿಧಾನ ರೂಪಿಸಿದ ಹಿರಿಯರು ಹೇಳಿದ ಮಾನದಂಡ ಒಂದು ಕಡೆ, ಅಧ್ಯಕ್ಷ ಮಾಡಿದ್ದು ಇನ್ನೊಂದು ಕಡೆ ಇಟ್ಟು ಓದುತ್ತಾ ಹೋದಳು. ನಮ್ಮ ಕೋರ್ಟಿನಲ್ಲಿ ಒಳ್ಳೆಯ ವಕೀಲರು ಕಲಮು ಓದಿ, ಸಾಕ್ಷಿಯ ಹೇಳಿಕೆ ಓದಿ, ದನಿ ಏರಿಸದೆ ಕೂತುಬಿಡುತ್ತಾರಲ್ಲ, ಹಾಗೆ. ನಿನಗೆ ಕೋರ್ಟು ಬೇರೆ, ಸಭೆ ಬೇರೆ ಅನ್ನಿಸಿದೆ. ಆಕೆಗೆ ಅದು ಒಂದೇ ಕಸುಬಾಗಿತ್ತು.

ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಆಕೆಯನ್ನು ಗಾಲಿಕುರ್ಚಿಗೆ ತಂದಿತು. ಹಿಂದೊಮ್ಮೆ ಆಕೆಯಂಥವರನ್ನು ಪದವಿ ತರಗತಿಗೆ ಸೇರಿಸಿಕೊಳ್ಳದಿದ್ದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲೇ 1979ರಿಂದ ಪಾಠ ಹೇಳಿದಳು. 1996ರ ಜನವರಿಯಲ್ಲಿ ತೀರಿಕೊಂಡಾಗ ಇನ್ನೂ 59.

ಮತ್ತೆ ನಿಲ್ಲು ಅಂತ ನಾನು ಒತ್ತಾಯ ಮಾಡುವುದಿಲ್ಲ. ಅದು ನಿನ್ನ ತೀರ್ಮಾನ. ಆದರೆ ವಾರ್ಡ್ ವಿಂಗಡಣೆಯ ಕರಡು ಮುಂದಿನ ಸಲ ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸಲು ಸಿಗುವುದು ಕೆಲವೇ ದಿನ. ಹೊಳೆಕೇರಿಯವರಿಗೆ ಅದನ್ನು ಬರೆದುಕೊಡುವವರು ಬೇರೆ ಯಾರಿದ್ದಾರೆ? ಹೋದ ವಾರ ಎರಡೂ ವಾರ್ಡಿನ ಮತದಾರರ ಪಟ್ಟಿ ತಂದು, ಕೇರಿಯ ಮನೆಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಭಾನುವಾರ ಬಂದರೆ ಜಗಲಿಯಲ್ಲಿ ಕೂತು ಒಟ್ಟಿಗೆ ನೋಡೋಣ. ಅಮ್ಮ ಕಾಫಿಪುಡಿ ತರಿಸಿಟ್ಟಿದ್ದಾಳೆ.

ಇಂತಿ ನಿನ್ನ
ಅಪ್ಪ