ಗಾದೆ ಕಚ್ಚುವುದು ಎಲ್ಲಿ?

ಮಾನ್ಯರೇ,

ನಮ್ಮ ಬಡಾವಣೆಯ ಶಾಲೆಯೊಂದರ ಕಾಂಪೌಂಡ್ ಗೋಡೆಯ ಮೇಲೆ ಈಚೆಗೆ ‘ಇನ್ನೊಬ್ಬರ ಬೂಟಿನಲ್ಲಿ ಒಂದು ಮೈಲಿ ನಡೆಯದೆ ಅವರನ್ನು ಅಳೆಯಬೇಡ’ ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಅದನ್ನು ಓದಿದ ನನ್ನ ಮೊಮ್ಮಗಳು, ‘ಬೇರೆಯವ್ರ ಚಪ್ಲಿ ಮೆಟ್ಕೊಂಡು ಹೋದ್ರೆ ಬೈಯಲ್ವಾ ತಾತ?’ ಎಂದು ಕೇಳಿದಳು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗುವ ನಮ್ಮಲ್ಲಿ ಈ ಪ್ರಶ್ನೆ ಸಹಜವೇ.

ಅಮೆರಿಕದ ಮೂಲನಿವಾಸಿಗಳ ಮಾತೆಂದು ಪ್ರಚಾರದಲ್ಲಿರುವ ಈ ಇಂಗ್ಲಿಷ್ ಗಾದೆಯು, ಅಮೆರಿಕದ ಕವಯಿತ್ರಿ ಮೇರಿ ಲ್ಯಾತ್ರಪ್ ಬರೆದ, 1895ರಲ್ಲಿ ಪ್ರಕಟವಾದ ಪದ್ಯವೊಂದರಲ್ಲಿ, ಬೂಟಿನ ಬದಲು ಮೊಕಾಸಿನ್ ಎಂಬ ಮೆತ್ತನೆಯ ತೊಗಲಿನ ಪಾದರಕ್ಷೆಯ ಹೆಸರಿನೊಂದಿಗೆ ಕಾಣಸಿಗುತ್ತದೆ. ಇದಕ್ಕಿಂತ ಹಳೆಯದಾದ, ‘ಬೂಟು ಎಲ್ಲಿ ಕಚ್ಚುತ್ತದೆಂದು ಮೆಟ್ಟಿದವನಿಗೇ ಗೊತ್ತು’ ಎಂಬ ಗಾದೆ ನಮ್ಮ ಮಕ್ಕಳಿಗೆ ತಟ್ಟನೆ ಅರ್ಥವಾದೀತು. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದ ಅನುಭವ ಯಾರಿಗಿಲ್ಲ? ಹೆಂಡತಿಯನ್ನು ಬಿಟ್ಟ ರೋಮನ್ನನೊಬ್ಬ, ತನ್ನನ್ನು ದೂರಿದ ಗೆಳೆಯರ ಮುಂದೆ ಬೂಟು ಚಾಚಿ, ನೋಡಲು ಚೆಂದವಾದ ಇದು ಎಲ್ಲಿ ಒತ್ತುತ್ತದೆಂದು ನಿಮಗೇನು ಗೊತ್ತು ಎಂದ ಪ್ರಸಂಗವನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ದಾಖಲಿಸಿದ್ದಾನೆ. (ಆ ಹೆಂಡತಿಯ ಕಾಲು ಎಲ್ಲಿ ನೋಯುತ್ತಿತ್ತೆಂದು ಯಾರೂ ಕೇಳಿದಂತಿಲ್ಲ!)

ಗೋಡೆಯಲ್ಲಿ ಇನ್ನೂ ಜಾಗವಿದೆ. ಪದಕ್ಕೆ ಪದ ಇಟ್ಟ ಅನುವಾದವನ್ನು ಅಳಿಸದಿದ್ದರೂ, ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ನಮ್ಮದೇ ಗಾದೆಯನ್ನು ಅದರ ಪಕ್ಕದಲ್ಲಿ ಬರೆಸಬೇಕೆಂದು ಶಾಲೆಯವರಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಮಂಡ್ಯ