ಒಲೆ ಆರಿಸಿದರೂ ಹಾಪ್ಸ್ ಲೆಕ್ಕ ಮುಗಿಯದು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಐಪಿಎ (ಕಹಿ, ಘಮ ಎರಡೂ ಜೋರಾಗಿರುವ) ಬಿಯರ್ ಮಾಡುವ ಬಗ್ಗೆ ಬಂದ ಲೇಖನ ಓದಿದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಯೀಸ್ಟ್ ವಿಚಾರವನ್ನು ಲೇಖಕರು ಅಚ್ಚುಕಟ್ಟಾಗಿ ಬರೆದಿದ್ದಾರೆ. ನನ್ನ ತಕರಾರು ಒಂದೇ ಸಾಲಿನ ಮೇಲೆ. ಪರಿಮಳ ಬೇಕಾದರೆ ಕುದಿ ಮುಗಿಯಲು 20 ನಿಮಿಷ ಇರುವಾಗ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಬಳ್ಳಿಯ ಹೂ) ಹಾಕಿ ಎಂದಿದೆ. ಇಂಥದ್ದೇ ಲೆಕ್ಕ ನಂಬಿ ನಾಲ್ಕಾರು ಪಾತ್ರೆ ಬಿಯರ್ ಕೆಡಿಸಿಕೊಂಡವನು ನಾನು, ಅದಕ್ಕೇ ಈ ಪತ್ರ.

20 ನಿಮಿಷ ಎಂದರೆ ಅತ್ತ ಕಹಿಯೂ ಪೂರ್ತಿ ಅಲ್ಲ, ಇತ್ತ ಘಮವೂ ಇಲ್ಲ. ಹಾಪ್ಸ್‌ನಲ್ಲಿರುವ ಆಲ್ಫಾ ಆಮ್ಲ ಬಿಸಿಗೆ ರೂಪ ಬದಲಿಸಿದಾಗಲೇ ಕಹಿ ಬಿಯರ್‌ಗೆ ಇಳಿಯುವುದು. ಅದಕ್ಕೆ ಹೊತ್ತು ಬೇಕು. ಘಮದ ಎಣ್ಣೆಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಮಿರ್ಸೀನ್‌ನಂಥವು ಆವಿಯ ಬೆನ್ನು ಹತ್ತಿ ನಿಮಿಷಗಳಲ್ಲೇ ಹಾರಿಹೋಗುತ್ತವೆ. ಕಹಿ ಲೆಕ್ಕ ಹಾಕಲು ಮನೆ ಬ್ರೂವರ್‌ಗಳು ಹೆಚ್ಚಾಗಿ ಬಳಸುವ ಟಿನ್ಸೆತ್ ಸೂತ್ರದ ಪ್ರಕಾರ, 60 ನಿಮಿಷ ಕುದಿಸಿದರೆ ಸಿಗುವ ಕಹಿಯಲ್ಲಿ ಸುಮಾರು ಶೇ 60ರಷ್ಟು 20 ನಿಮಿಷಕ್ಕೇ ಬಂದಿರುತ್ತದೆ. 5 ನಿಮಿಷಕ್ಕೆ ಬರುವುದು ಐದರಲ್ಲೊಂದು ಪಾಲು ಮಾತ್ರ. ಕುದಿಯುವಾಗ ಮನೆಯೆಲ್ಲ ಘಮ್ಮೆನ್ನುತ್ತಿದೆ ಎಂದು ನಾನೂ ಹಿಗ್ಗುತ್ತಿದ್ದೆ. ಮೂಗಿಗೆ ಬಡಿದ ಆ ಘಮವೆಲ್ಲ ಪಾತ್ರೆಯಿಂದ ಖಾಲಿಯಾದದ್ದೇ ಎಂದು ಹೊಳೆಯಲು ತಡವಾಯಿತು.

ಹಾಗಾದರೆ ಒಲೆ ಆರಿಸಿದ ಮೇಲೆ ಹಾಕಿದರಾಯಿತಲ್ಲ ಎನ್ನಬಹುದು. ನಾನೂ ಹಾಗೇ ಅಂದುಕೊಂಡೆ. 20 ಲೀಟರ್ ವರ್ಟ್ (ಹುದುಗುವ ಮೊದಲಿನ ಮಾಲ್ಟ್ ರಸ) ಕುದಿಸಿ, ಒಲೆ ಆರಿಸಿ, ಕ್ಯಾಸ್ಕೇಡ್ ತಳಿಯ ಹಾಪ್ಸ್ ಪುಡಿ ಒತ್ತಿ ಮಾಡಿದ ಪೆಲೆಟ್ 60 ಗ್ರಾಂ ಸುರಿದು ಮುಚ್ಚಳ ಮುಚ್ಚಿದೆ. ತಾನಾಗಿ ಆರಲಿ ಎಂದು ಬಿಟ್ಟು 40 ನಿಮಿಷದ ನಂತರ ಥರ್ಮಾಮೀಟರ್ ಇಳಿಬಿಟ್ಟರೆ ಇನ್ನೂ 86 ಡಿಗ್ರಿ! ರೆಸಿಪಿಯಲ್ಲಿ ಅದು 'ಸೊನ್ನೆ ನಿಮಿಷ'ದ ಹಾಪ್ಸ್. ನನ್ನ ಪಾತ್ರೆಯಲ್ಲಿ ಮಾತ್ರ ಅದು 20 ನಿಮಿಷ ಕುದಿಸಿದಷ್ಟೇ ಕಹಿ ಬಿಟ್ಟಿತ್ತು. ಕೆಲವು ವಾರದ ಮೇಲೆ ಬಾಟಲಿ ತೆರೆದು ತಂಗಿಗೆ ಕೊಟ್ಟೆ. ಒಂದು ಗುಟುಕು ಕುಡಿದು, "ಅಣ್ಣಾ, ಯಾರಿಗೆ ಹುಷಾರಿಲ್ಲ, ಇಷ್ಟು ಕಹಿ ಔಷಧಿ ಮಾಡಿದ್ದೀಯ?" ಎಂದಳು.

ಕುದಿ ನಿಂತ ಮಾತ್ರಕ್ಕೆ ಕಹಿ ನಿಲ್ಲುವುದಿಲ್ಲ. 100 ಡಿಗ್ರಿಯಿಂದ 90ಕ್ಕೆ ಇಳಿದರೆ ಅದರ ವೇಗ ಅರ್ಧಕ್ಕಿಂತ ಕೆಳಗೆ ಬರುತ್ತದೆ, 80ರ ಹೊತ್ತಿಗೆ ಬಹಳ ಮಂದವಾಗುತ್ತದೆ. ಆದ್ದರಿಂದ ಹಾಪ್ಸ್ ಎಷ್ಟು ಹೊತ್ತು ಬಿಸಿಯಲ್ಲಿತ್ತು, ಎಷ್ಟು ಬಿಸಿಯಲ್ಲಿತ್ತು ಎನ್ನುವುದೇ ಮುಖ್ಯ. ಒಲೆಯ ಗುಂಡಿ ಯಾವಾಗ ತಿರುಗಿಸಿದಿರಿ ಎನ್ನುವುದು ಆಮೇಲಿನ ಮಾತು.

ಮುಂದಿನ ಸಲ ಅದೇ ಮಾಲ್ಟ್, ಅದೇ 60 ಗ್ರಾಂ. ಒಲೆ ಆರಿದೊಡನೆ ತಾಮ್ರದ ಸುರುಳಿ ಕೊಳವೆ ಇಳಿಸಿ ಅದರೊಳಗೆ ತಣ್ಣೀರು ಹರಿಸಿದೆ. ಮುಳ್ಳು 78ಕ್ಕೆ ಬಂದಾಗ ನೀರು ನಿಲ್ಲಿಸಿ, ಪೆಲೆಟ್ ಹಾಕಿ, ಉದ್ದ ಹಿಡಿಯ ಚಮಚದಲ್ಲಿ ಒಂದೇ ದಿಕ್ಕಿಗೆ ತಿರುವಿ ಮುಚ್ಚಿದೆ. ಪೆಲೆಟ್ ಬಿಚ್ಚಿಕೊಂಡು ಹಸಿರು ಕೆಸರಿನಂತೆ ಸುತ್ತುವುದನ್ನು ನೋಡುವುದೇ ಒಂದು ಚಂದ. 20 ನಿಮಿಷ ಬಿಟ್ಟು ಪೂರ್ತಿ ತಣಿಸಿದೆ. ಲೋಟ ಮೂಗಿನ ಹತ್ತಿರ ತಂದರೆ ಕಿತ್ತಳೆ ಸಿಪ್ಪೆ ಹಿಂಡಿದ ಘಮ, ಕಹಿ ಹಿತಮಿತ. ಹಾಪ್ಸ್ ಒಂದು ಗ್ರಾಂ ಕೂಡ ಹೆಚ್ಚಿಸಿರಲಿಲ್ಲ. ಬೆನ್ನೆಲುಬಿನಂತೆ ಸ್ವಲ್ಪ ಕಹಿ ಬೇಕಲ್ಲ, ಅದಕ್ಕೆ 60 ನಿಮಿಷ ಕುದಿಸುವ ಹಾಪ್ಸ್‌ನ ಸಣ್ಣ ಕಂತು ಎರಡು ಸಲವೂ ಇತ್ತು.

ಹುದುಗು ಬಂದ ಮೇಲೆ ಹಾಕುವ ಡ್ರೈ ಹಾಪ್ಸ್ ಬಗ್ಗೆ ಲೇಖನದಲ್ಲಿ ಎರಡು ವಾರ ಎಂದಿದೆ. ನನ್ನ ನಾಲಿಗೆಗೆ ಮೂರು ದಿನ ಸಾಕು. ಅದಕ್ಕಿಂತ ಹೆಚ್ಚು ಬಿಟ್ಟಾಗ ನನಗೆ ಸಿಕ್ಕಿದ್ದು ಹಸಿ ಹುಲ್ಲಿನ ರುಚಿ. ಇನ್ನೊಂದು ಎಚ್ಚರಿಕೆ: ಹಾಪ್ಸ್‌ನಲ್ಲಿರುವ ಕಿಣ್ವಗಳು ಯೀಸ್ಟ್ ತಿನ್ನದೆ ಉಳಿದ ಡೆಕ್ಸ್ಟ್ರಿನ್ ಒಡೆದು ಸಕ್ಕರೆ ಮಾಡುತ್ತವೆ, ಯೀಸ್ಟ್ ಮತ್ತೆ ಕೆಲಸ ಶುರು ಮಾಡುತ್ತದೆ. ಬಿಯರ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸುವ ಮೊದಲು ಬಾಟಲಿಗೆ ತುಂಬಿದರೆ ಮುಚ್ಚಳ ತೆಗೆದಾಗ ಛಾವಣಿಗೆ ಅಭಿಷೇಕ. ನಮ್ಮ ಛಾವಣಿಯ ಕಲೆ ಇನ್ನೂ ಹೋಗಿಲ್ಲ.

ರೆಸಿಪಿ ಮತ್ತೊಮ್ಮೆ ಪ್ರಕಟಿಸುವುದಾದರೆ ಕೊನೆಯ ಹಾಪ್ಸ್ ಮುಂದೆ ನಿಮಿಷದ ಜೊತೆಗೆ ಡಿಗ್ರಿಯನ್ನೂ ಅಚ್ಚು ಹಾಕಿಸಿ. ಸುರುಳಿ ಇಲ್ಲದವರು ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು, 80ಕ್ಕೆ ಇಳಿಯುವವರೆಗೆ ಪೆಲೆಟ್ ಪೊಟ್ಟಣ ಕತ್ತರಿಸದಿರಲಿ.

ಇತಿ,
ಮನೆಯಲ್ಲೇ ಬಿಯರ್ ಮಾಡುವ ನಿಮ್ಮ ಓದುಗ